ಬಾಗಿಲ ಮೇಲಿನ ಹೆಸರು

ವರ್ದಿಮ್, ಸ್ವಿಶ್ಟೋವ್ ಬಳಿ
ಜೂನ್ 9, ಮಂಗಳವಾರ

ಪ್ರೀತಿಯ ಮಗು ಝಹಾರಿಗೆ,

ಅಜ್ಜಿಯ ಮುತ್ತುಗಳು. ಮೈ ಹೇಗಿದೆ? ಹಲ್ಲುನೋವು ಇಳಿಯಿತೇ? ನೀನು ಸೊರಗಿದ್ದೀ ಎಂದು ವಕೀಲೆ ಲೀವೆ ಫೋನಿನಲ್ಲಿ ಹೇಳಿದಳು. ಬೆಲ್ಜಿಯಮ್ ಜೈಲಿನಲ್ಲಿ ದಿನಾ ಆಲೂಗಡ್ಡೆಯಂತೆ. ಏನಿದ್ದರೂ ತಿನ್ನು, ತಟ್ಟೆ ಸರಿಸಬೇಡ. ಮೊಸರಿಲ್ಲದೆ ನೀನು ಏಳು ತಿಂಗಳು ಹೇಗೆ ಕಳೆದೆಯೋ ನನಗಂತೂ ಬಗೆಹರಿಯುವುದಿಲ್ಲ. ನನ್ನ ಮಂಡಿ ಹಾಗೇ ಇದೆ. ನಿನ್ನ ಅಪ್ಪ ಲಾಂಬೊ ಹೋದ ವಾರ ಡ್ಯಾನ್ಯೂಬ್ ನದಿಯ ಹಡಗಿನಿಂದ ಇಳಿದು ಬಂದು ಎರಡು ದಿನ ಇದ್ದ. ಚೆರ್ರಿ ಮರ ಹತ್ತಿ ಪ್ಯಾಂಟು ಹರಿದುಕೊಂಡು ಹೋದ. ವಯಸ್ಸು ಐವತ್ತೆಂಟು, ಬುದ್ಧಿ ಎಂಟು. ಆ ಹಣ್ಣನ್ನೆಲ್ಲ ನಿನಗೆಂದು ಪಾಕ ಹಾಕಿ ಜಾಡಿಯಲ್ಲಿ ಮುಚ್ಚಿಟ್ಟಿದ್ದೇನೆ.

ಈಗ ಹೇಳಬೇಕಾದದ್ದು ಹೇಳುತ್ತೇನೆ. ನಿನಗೆ ಗೊತ್ತಿರುವ ಸಂಗತಿಯೂ ನಡುವೆ ಬರುತ್ತದೆ. ಮೊದಲಿನಿಂದ ಹೇಳದಿದ್ದರೆ ನನಗೇ ದಾರಿ ತಪ್ಪುತ್ತದೆ. ನವೆಂಬರಿನಲ್ಲಿ ನಿನ್ನ ಲಾರಿಯ ಟೊಮ್ಯಾಟೊ ಪೆಟ್ಟಿಗೆಗಳ ಹಿಂದೆ ಯಾರೋ ಕಳ್ಳ ಸಿಗರೇಟು ತುಂಬಿದ್ದರು, ಪೊಲೀಸರು ನಿನ್ನನ್ನು ಹಿಡಿದರು. ಬಚ್ಚಿಟ್ಟವನು ನೀನಲ್ಲ ಎಂದು ನನಗೆ ಗೊತ್ತು. ಚಿಕ್ಕವನಿದ್ದಾಗ ಒಂದು ಬಿಸ್ಕತ್ತು ಕದ್ದರೂ ನಿನ್ನ ಕಿವಿ ಕೆಂಪಗಾಗುತ್ತಿತ್ತು. ಆದರೆ ವಿಚಾರಣೆಗೆ ಇನ್ನೂ ಒಂದು ವರ್ಷವಿದೆ, ಹೊರದೇಶದವನನ್ನು ಬಿಟ್ಟರೆ ಓಡಿಹೋಗುತ್ತಾನೆ ಎಂದು ನಿನ್ನನ್ನು ಒಳಗೇ ಇಟ್ಟರು. ಆಗ ಲೀವೆ ಒಂದು ದಾರಿ ಹುಡುಕಿದಳು. ನಮ್ಮ ಯುರೋಪಿನ ದೇಶಗಳೆಲ್ಲ ಒಪ್ಪಿಕೊಂಡ ಒಂದು ಕಾನೂನಿದೆಯಂತೆ. ವಿಚಾರಣೆಯವರೆಗೆ ನೀನು ಅಲ್ಲಿಯ ಜೈಲಿನ ಬದಲು ನಿನ್ನ ಮನೆಯಲ್ಲಿರಬಹುದು, ನಿನ್ನ ಮೇಲೆ ಕಣ್ಣಿಡುವುದು ನಮ್ಮವರ ಕೆಲಸ, ಕರೆದ ದಿನ ನೀನು ಹೋಗಿ ನಿಲ್ಲಬೇಕು. ಅದಕ್ಕೆ ನಿನಗೊಂದು ಮನೆಯಿದೆ, ಕಾಯುವವರಿದ್ದಾರೆ ಎಂದು ತೋರಿಸಬೇಕು. ಮನೆಯ ಒಂದು ಫೋಟೋ ಕಳಿಸಿ ಎಂದಳು.

ಫೋಟೋ ಎಂದರೆ ನಾನು ಸುಮ್ಮನಿರುತ್ತೇನೆಯೇ? ಬಾಗಿಲನ್ನು ಸೋಪು ಹಾಕಿ ತೊಳೆದೆ, ಹೂಕುಂಡಗಳನ್ನು ಮೆಟ್ಟಿಲ ಮೇಲೆ ಸಾಲಾಗಿಟ್ಟೆ, ಹೊಸ ತಲೆವಸ್ತ್ರ ಕಟ್ಟಿಕೊಂಡು ನಿಂತೆ. ಪಕ್ಕದ ಮನೆಯ ಗಿಂಕಾ ಫೋನಿನಲ್ಲಿ ತೆಗೆದಳು. "ದೊನ್ಕಾ, ಸ್ವಲ್ಪ ನಗೇ, ಸಾಲ ವಸೂಲಿಗೆ ಬಂದೋಳ ಥರ ನಿಂತಿದ್ದೀಯಲ್ಲ" ಅಂದಳು. ಸತ್ತವರ ಹೆಸರು, ಫೋಟೋ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸುವ ಸಾವಿನ ಕಾಗದ ನನ್ನ ಕಣ್ಣಿಗೂ ಬೀಳಲಿಲ್ಲ, ಅವಳ ಕಣ್ಣಿಗೂ ಬೀಳಲಿಲ್ಲ. ನಮ್ಮೂರಲ್ಲಿ ಯಾರ ಬಾಗಿಲ ಮೇಲೆ ಅಂಥದೊಂದು ಕಾಗದವಿಲ್ಲ ಹೇಳು? ಚಿಲಕದ ಹಾಗೆ ಅದೂ ಬಾಗಿಲಿನದೇ ಆಗಿಬಿಟ್ಟಿರುತ್ತದೆ. ಅದರಲ್ಲಿದ್ದ ಹೆಸರು ಝಹಾರಿ ಲಾಂಬೊವ್ ದೊಬ್ರೆವ್. ನಿನ್ನ ತಾತನ ಹೆಸರು. ನಿನ್ನದೂ ಅದೇ; ಅವರ ಅಪ್ಪನೂ ಲಾಂಬೊ, ನಿನ್ನ ಅಪ್ಪನೂ ಲಾಂಬೊ, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಸಾಲದ್ದಕ್ಕೆ, "ನನ್ನ ಮುದಿಮುಖ ಹಾಕಿಸ್ಬೇಡ, ವಯಸ್ಸೂ ಬರೆಸ್ಬೇಡ" ಎಂದು ಸಾಯುವ ಮೊದಲು ಆಣೆ ಮಾಡಿಸಿಕೊಂಡಿದ್ದರು ಆ ಒಣಜಂಭದ ಮನುಷ್ಯ. ಅದಕ್ಕೇ ಅವರ ಮೂವತ್ತೈದರ ಮೀಸೆಯ ಫೋಟೋ ಹಾಕಿಸಿದ್ದೆ. ಅದು ನಿನ್ನದೇ ಮುಖ.

ನ್ಯಾಯಾಲಯದಲ್ಲಿ ಆ ಫೋಟೋ ನಿನ್ನ ಮುಂದೆ ಹಿಡಿದು, "ಈ ಸತ್ತವನು ಯಾರು?" ಎಂದು ಕೇಳಿದರಂತೆ. ಲೀವೆ ಹೇಳಿದಳು: "ಅವನು ಒಂದು ಮಾತೂ ಆಡ್ಲಿಲ್ಲ ಅಜ್ಜಿ, ಗೋಡೆ ನೋಡ್ತಾ ನಿಂತ್ಬಿಟ್ಟ." ಸತ್ತವನ ಹೆಸರಿನಲ್ಲಿ ತಿರುಗುವವನು ನೀನು ಎಂಬ ಅನುಮಾನವನ್ನು ನಮ್ಮ ದೇಶದ ಕಚೇರಿಯವರು ನಿನ್ನ ಬೆರಳಚ್ಚು, ಜನನ ಪ್ರಮಾಣಪತ್ರ ಕಳಿಸಿ ಒಂದೇ ವಾರದಲ್ಲಿ ಕಳೆದರು. ಕಳೆಯದೆ ಉಳಿದದ್ದು ನಿನ್ನ ಮೌನ. ತನ್ನ ಮನೆಯ ಸಾವೇ ತಿಳಿಯದವನಿಗೆ ಅದು ಮನೆ ಹೇಗಾದೀತು, ಅಲ್ಲಿಗೆ ಕಳಿಸಿದರೆ ಉಳಿಯುತ್ತಾನೆಂದು ಏನು ನಂಬಿಕೆ ಎಂದು ಸರ್ಕಾರಿ ವಕೀಲರು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಅದಕ್ಕೆ ಉತ್ತರ ಇದ್ದದ್ದು ನನ್ನೊಬ್ಬಳ ಬಳಿ.

ಹೋದ ಗುರುವಾರ ಸ್ವಿಶ್ಟೋವ್ ನ್ಯಾಯಾಲಯಕ್ಕೆ ನನ್ನನ್ನು ಕರೆಸಿದರು. ಗೋಡೆಯ ಮೇಲಿನ ಪರದೆಯಲ್ಲಿ ಬೆಲ್ಜಿಯಮ್ಮಿನ ನ್ಯಾಯಾಧೀಶೆ, ಅವರ ಪಕ್ಕ ನಮ್ಮ ಭಾಷೆಯ ಹುಡುಗಿಯೊಬ್ಬಳು. ನಾವು ಹೌದೆಂದು ತಲೆಯಾಡಿಸಿದರೆ ಅವರಿಗೆ ಅಲ್ಲವೆಂದು ಕಾಣುತ್ತದಂತೆ. "ಅಜ್ಜಿ, ತಲೆ ಆಡಿಸ್ಬೇಡಿ, ಬಾಯಲ್ಲೇ ಹೇಳಿ" ಎಂದು ಗುಮಾಸ್ತ ಮೂರು ಸಲ ಎಚ್ಚರಿಸಿದ. ಇಬ್ಬರಿಗೂ ಒಂದೇ ಹೆಸರು ಏಕೆ ಎಂದು ಕೇಳಿದರು. "ಮೊಮ್ಮಗನಿಗೆ ತಾತನ ಹೆಸರಿಡದೆ ಪಕ್ಕದ್ಮನೆಯೋನ ಹೆಸರಿಡೋಕಾಗುತ್ತಾ ತಾಯಿ?" ಎಂದೆ. ಆ ಹುಡುಗಿ ನಗು ತಡೆದುಕೊಂಡು ಅನುವಾದ ಮಾಡಿದಳು. ಆಮೇಲೆ ನ್ಯಾಯಾಧೀಶೆ ಮೆಲ್ಲಗೆ, ತಾತ ತೀರಿಕೊಂಡದ್ದು ನಿಮ್ಮ ಮೊಮ್ಮಗನಿಗೆ ಗೊತ್ತಿತ್ತೇ ಎಂದರು. ನಾನು ಎದ್ದು ನಿಂತೆ. "ಗೊತ್ತಿರ್ಲಿಲ್ಲ. ಮುಚ್ಚಿಟ್ಟೋಳು ನಾನು. ತಪ್ಪು ನಂದು, ಅದನ್ನ ಅವನ ತಲೆಗೆ ಕಟ್ಬೇಡಿ" ಎಂದೆ. ಇನ್ನೂ ಹೇಳುವುದಿತ್ತು, ಬೆಂಚು ಹಿಡಿದು ಕೂತುಬಿಟ್ಟೆ. ಅವರು ನೀರು ಕುಡಿಯಿರಿ ಎಂದರು. ಅಲ್ಲಿಂದ ಅವರು ಹೇಳಿದ್ದಕ್ಕೆ ಇಲ್ಲಿ ಗುಮಾಸ್ತ ಲೋಟ ತಂದುಕೊಟ್ಟ.

ಮಗಾ, ಡಿಸೆಂಬರ್ ಹತ್ತೊಂಬತ್ತರಂದು ನಿನ್ನ ತಾತ ಮಧ್ಯಾಹ್ನದ ಸಾರು ಕುಡಿದು ಒಲೆಯ ಪಕ್ಕ ಮಲಗಿದವರು ಮತ್ತೆ ಏಳಲಿಲ್ಲ. ನೋವು ತಿನ್ನಲಿಲ್ಲ. ಹೇಳಿಬಿಡೋಣ ಎಂದು ನಿನ್ನ ಅಪ್ಪ ಬಡಿದುಕೊಂಡ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬನೇ ಕೂತು ಆ ಹುಡುಗ ಏನು ಮಾಡಿಕೊಳ್ಳುತ್ತಾನೋ ಎಂದು ನಾನೇ ಹಠ ಹಿಡಿದೆ. ತಾತ ಕೆಮ್ಮುತ್ತಿದ್ದಾರೆ, ನಿನ್ನನ್ನು ಕೇಳಿದರು ಎಂದು ಕಾಗದದ ಮೇಲೆ ಕಾಗದ ಬರೆದೆ. ಸಮಾಧಿಗೆ ಮೇಣದಬತ್ತಿ ಹಚ್ಚಿ ಬಂದ ಕೈಯಲ್ಲೇ ಬರೆದೆ. ಕೊನೆಗೆ ನಿನ್ನನ್ನು ಎತ್ತಿ ಆಡಿಸಿದ ತಾತನ ಸಾವನ್ನು ನೀನು ಪರದೇಶದ ಕಟಕಟೆಯಲ್ಲಿ, ಗೊತ್ತಿಲ್ಲದವರ ಬಾಯಿಂದ ಕೇಳುವ ಹಾಗಾಯಿತು. ಅಂದಿನಿಂದ ನೀನು ನನಗೆ ಒಂದು ಸಾಲೂ ಬರೆದಿಲ್ಲ. ಕೋಪವಿದ್ದರೆ ಇಟ್ಟುಕೋ, ಮನೆಗೆ ಬಂದು ಎದುರಿಗೇ ಬೈಯಿ. ಕ್ಷಮಿಸು ಎಂದು ಮಾತ್ರ ನಾನು ಈಗಲೇ ಕೇಳುತ್ತೇನೆ.

ತೀರ್ಪು ಈ ವಾರ ಎಂದಿದ್ದಾಳೆ ಲೀವೆ. ಮನಸ್ಸೇಕೋ ಹಗುರವಾಗಿದೆ. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಗಿಂಕಾ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ಅವಳದು ಸುಳ್ಳಲ್ಲ, ನಿಜವಾಗಿ ಕೇಳಿದಳು. ಹರಸಿದ್ದೇನೆ, ಧೈರ್ಯವಾಗಿರು.

ನಿನ್ನ ಅಜ್ಜಿ,
ದೊನ್ಕಾ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಸರಿಯಾಗಿ ನಿನ್ನ ಮೇಲೆ ಕಣ್ಣಿಡಲಿರುವ ಅಧಿಕಾರಿ ಇಸ್ಕ್ರಾ ಬಂದಳು. ಆದೇಶ ಬಂದಿದೆಯಂತೆ ಮಗಾ, ಹದಿನೇಳಕ್ಕೆ ನಿನ್ನನ್ನು ಬಿಡುತ್ತಾರೆ. ವಾರಕ್ಕೊಮ್ಮೆ ಅವಳ ಮುಂದೆ ಸಹಿ ಹಾಕಬೇಕು, ರಾತ್ರಿ ಹತ್ತರ ಮೇಲೆ ಹೊಸ್ತಿಲು ದಾಟಬಾರದು. ಹತ್ತೊಂಬತ್ತಕ್ಕೆ ತಾತ ಹೋಗಿ ಆರು ತಿಂಗಳು, ಬಾಗಿಲಿಗೆ ಹೊಸ ಕಾಗದ ಹಾಕಬೇಕು. ಅಚ್ಚಾಗಿ ಬಂದಿದೆ. ಈ ಸಲ ಮುದಿಮುಖದ ಫೋಟೋ, ವಯಸ್ಸು ಎಂಬತ್ತಮೂರು ಎಂದೂ ಹಾಕಿಸಿದ್ದೇನೆ, ಅವರು ಮೇಲಿಂದ ಬೈದರೆ ಬೈಯಲಿ. ಲಾಂಬೊ ಅಂಟಿಸುತ್ತೇನೆಂದ, ನಾನು ಕೊಡಲಿಲ್ಲ. ಅಂಟು ಕಲಸಿಟ್ಟಿರುತ್ತೇನೆ. ಆ ಹೆಸರನ್ನು ಬಾಗಿಲಿಗೆ ಅಂಟಿಸುವವನು ನೀನೇ.