ಕಾರಿನ ಕೀ

ಒಹಾಯೋ
ಭಾನುವಾರ, ಮಾರ್ಚ್ 11, 1962

ಪ್ರೀತಿಯ ಪಪ್ಪನಿಗೆ,

ನಿಮ್ಮ ಎರಡು ಕಾಗದಗಳಿಗೂ ಉತ್ತರಿಸಲಾಗಲಿಲ್ಲ, ಕ್ಷಮಿಸಿ. ರೋಸೆಲ್ಲಾಗೆ ಹಲ್ಲು ಬರುತ್ತಿದೆ. ತಾನೂ ಮಲಗುವುದಿಲ್ಲ, ನನ್ನನ್ನೂ ಮಲಗಲು ಬಿಡುವುದಿಲ್ಲ. ಫ್ಲಾರಿಡಾದ ಬಿಸಿಲಿಗೆ ನಿಮ್ಮ ಮಂಡಿನೋವು ಇಳಿದಿದೆಯೆಂದು ಓದಿ ಸಮಾಧಾನವಾಯಿತು.

ಎದುರುಮನೆಯ ಪೆಟ್ರೆಲ್ಲಾ ಮಾಮನ ಸುದ್ದಿ ನಿಮಗೆ ತಲುಪಿರಬೇಕು. ಅಂಗಡಿಯಲ್ಲಿ ಜೂಜಿನ ಯಂತ್ರ ಇಡುವುದಿಲ್ಲವೆಂದು ಆ ದಂಧೆಯವರಿಗೆ ಮೂರನೆಯ ಸಲ ಹೇಳಿದ ವಾರದಲ್ಲೇ, ಬೆಳಗ್ಗೆ ಕಾರಿನ ಕೀ ತಿರುಗಿಸಿದರು, ಬಾಂಬು ಸಿಡಿಯಿತು. ನಮ್ಮ ಕಿಟಕಿಯ ಗಾಜು ತೊಟ್ಟಿಲೊಳಗೆ ಬಿತ್ತು. ಮಗು ನನ್ನ ತೋಳಲ್ಲಿತ್ತು.

ಹಿಂದಿನ ದಿನ ಮಧ್ಯಾಹ್ನ ಹಾಲೂಡಿಸುತ್ತಾ ಕೂತಿದ್ದಾಗ, ಇಬ್ಬರು ಆ ಕಾರಿನ ಬಾನೆಟ್ ಎತ್ತಿದ್ದನ್ನು ನೋಡಿದ್ದೆ. ಪಕ್ಕದಲ್ಲಿ ನಮ್ಮ ಬೀದಿಯ ಪೊಲೀಸ್ ಸಾರ್ಜೆಂಟ್ ನಿಂತಿದ್ದ. ಪೊಲೀಸನೇ ಇದ್ದಾನಲ್ಲ, ರಿಪೇರಿ ಇರಬೇಕೆಂದುಕೊಂಡೆ. ನನ್ನನ್ನು ಕಂಡು ಟೋಪಿ ಎತ್ತಿದ. ನಾಳೆ ಕ್ಲೀವ್‌ಲ್ಯಾಂಡಿನ ನ್ಯಾಯಾಲಯದಲ್ಲಿ ಆ ಟೋಪಿಯ ಸಮೇತ ಎಲ್ಲವನ್ನೂ ಹೇಳುತ್ತೇನೆ.

ನೀವು ಕಳಿಸಿದ ಉಂಬರ್ಟೊ ಚಿಕ್ಕಪ್ಪ ಸೋಂಪಿನ ಬಿಸ್ಕತ್ತು ತಂದಿದ್ದರು.

"ಕಾಲೇಜು ಓದ್ಸಿದ್ದು ಸಾಕ್ಷಿ ಹೇಳೋಕೇನಮ್ಮಾ? ಮಗೂಗೆ ಹಾಲು ಕುಡಿಸ್ಕೊಂಡು ತೆಪ್ಪಗಿರು."

"ಹಾಲು ಕುಡಿಸ್ತಾನೇ ನೋಡಿದ್ದು, ಚಿಕ್ಕಪ್ಪ."

"ನಿಮ್ಮಪ್ಪ ಇಪ್ಪತ್ತು ವರ್ಷ ಅವ್ರ ಜೂಜಿನ ಚೀಟಿ ಬರ್ದ. ಬಾಯಿ ಬಿಟ್ನಾ? ಅದಕ್ಕೇ ಬದುಕಿದಾನೆ."

"ಡಬ್ಬ ವಾಪಸ್ ತಗೊಂಡ್ಹೋಗಿ."

"ಒಂದಾದ್ರೂ ತಿನ್ನೇ, ನಿಮ್ ಚಿಕ್ಕಮ್ಮ ನನ್ನ ಮನೆಗೆ ಸೇರ್ಸಲ್ಲ."

ಒಂದು ತಿಂದೆ. ಮಾತು ಮಾತ್ರ ಬದಲಿಸಲಿಲ್ಲ.

ನಿಮ್ಮ ಅಳಿಯ ಆಲ್ಡೊ, "ಕಾರು ಬೇಡ, ಬಸ್ಸಲ್ಲಿ ಹೋಗು" ಎಂದ. ಹೆದರಿ ಬಸ್ಸು ಹತ್ತಿದಳೆಂದು ಆ ಸಾರ್ಜೆಂಟ್ ನಗುವುದು ನನಗೆ ಬೇಡ ಎಂದೆ. "ಹಾಗಿದ್ರೆ ಕೀ ನಾನು ತಿರುಗಿಸ್ತೀನಿ" ಎಂದ.

"ಸಾಕ್ಷಿ ನಂದು. ಕೀನೂ ನಂದೇ" ಎಂದೆ.

ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮಾತೆ ಮರಿಯಾ ನಿಮ್ಮನ್ನು ಕಾಯಲಿ. ಮೊಮ್ಮಗಳ ಮುತ್ತುಗಳು.

ನಿಮ್ಮ ಮಗಳು,
ಲೊರೆಟಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನನಗೆ ಹನ್ನೊಂದಾಗಿದ್ದ ಚಳಿಗಾಲದಲ್ಲಿ ದಿನಾ ಬೆಳಗ್ಗೆ ಕೀ ನನ್ನ ಕೈಗಿಟ್ಟು, "ಹೋಗಮ್ಮಾ, ಎಂಜಿನ್ ಬಿಸಿ ಮಾಡು" ಅನ್ನುತ್ತಿದ್ದಿರಿ. ಅಪ್ಪನಿಗೆ ನನ್ನ ಮೇಲೆ ಎಷ್ಟು ನಂಬಿಕೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡೆ. ಆ ವರ್ಷ ಜೂಜಿನ ದಂಧೆಯವರಿಗೂ ನಿಮಗೂ ಜಗಳವಿತ್ತಂತೆ; ಚಿಕ್ಕಪ್ಪ ಹೊರಡುವಾಗ ಬಾಯಿತಪ್ಪಿ ಹೇಳಿದರು. ಎಂಜಿನ್ ಶುರುವಾಗುವವರೆಗೆ ಅಮ್ಮನನ್ನು ನೀವು ಕಿಟಕಿಯ ಹತ್ತಿರ ಬಿಡುತ್ತಿರಲಿಲ್ಲ ಎಂಬುದು ಆಗ ನೆನಪಾಯಿತು. ನಾಳೆ ಆಲ್ಡೊ ರೋಸೆಲ್ಲಾಳನ್ನೆತ್ತಿಕೊಂಡು ಮೂರು ಬೀದಿ ಆಚೆ ನಡೆದುಹೋದ ಮೇಲೆಯೇ ನಾನು ಕೀ ತಿರುಗಿಸುವುದು.