ಕೊನೆಯ ಸಾಲಿಗೆ ಕೇಳುವ ಟಕ್

ಮಂಗಳವಾರ, ನವೆಂಬರ್ ೧೨

ಆ ಹಾಳು ಪಿಸ್ತೂಲು ಇನ್ನೂ ಕಣ್ಣಮುಂದೆ ಕುಣಿಯುತ್ತಿದೆ! ನಾಟಕದ ತಾಲೀಮಿಗೆ ತಮ್ಮನ ಮಗಳು ತಂದ ಆಟಿಕೆ. ಸಾಬೂನು ಡಬ್ಬಿಯಂಥ ಚಪ್ಪಟೆ ಮುಖ.

"ದೊಡ್ಡಪ್ಪ, ಈ ಕಾಲದಲ್ಲಿ ರಿವಾಲ್ವರ್ ಯಾರು ಹಿಡೀತಾರೆ? ಇದನ್ನ ಸುಮ್ನೆ ಒತ್ತಿದ್ರೆ ಸಾಕು."

ರಂಗದ ಹಲಗೆ ನಡುಗುವಂತೆ ಗುಡುಗಿದೆ. ರಿವಾಲ್ವರ್ ಗುಟ್ಟು ಮಾಡುವುದಿಲ್ಲ ಕಣೇ, ಆರು ಗುಂಡಿನ ಉರುಳೆ ತಿರುಗುವುದು ಎಲ್ಲರಿಗೂ ಕಾಣುತ್ತದೆ. ಹೆಬ್ಬೆರಳಿನಿಂದ ಹಿಂದಿನ ಕೊಕ್ಕೆ ಎಳೆದರೆ ಟಕ್! ಕೊಲ್ಲುವವನು ಮನಸ್ಸು ಬದಲಿಸಬಹುದಾದ ಕ್ಷಣವದು. ಕೊನೆಯ ಸಾಲಿನ ಕೆಮ್ಮೂ ನಿಂತುಹೋಗುತ್ತದೆ. ನಿನ್ನ ಡಬ್ಬಿಯಲ್ಲಿ ಆ ಕ್ಷಣ ಎಲ್ಲಿದೆ?

"ಸರಿ, ಎಳೆದು ತೋರ್ಸಿ ನೋಡೋಣ," ಎನ್ನುತ್ತ ನಾಟಕದ ಹಳೆಯ ರಿವಾಲ್ವರನ್ನು ಮೆಲ್ಲಗೆ ನನ್ನ ಕೈಗಿತ್ತಳು.

ಹೆಬ್ಬೆರಳು ಎರಡು ಸಲ ಜಾರಿತು. ಯಾರೂ ನಗಲಿಲ್ಲ, ಅದೇ ಚುಚ್ಚಿತು. ಪಿಸ್ತೂಲು ಬಂದದ್ದು ಹೊಸ ಕಾಲಕ್ಕಾಗಿ ಅಲ್ಲ, ನನ್ನ ಕೀಲುನೋವಿಗಾಗಿ. ನನ್ನ ಪಾತ್ರ ಉಳಿಸಲೆಂದೇ ಹುಡುಗಿ ಕಾಲದ ನೆಪ ಹೇಳಿದ್ದಳು.

ಮನೆಗೆ ತಂದ ಆ ರಿವಾಲ್ವರಿನ ಕೊಕ್ಕೆಯನ್ನು ಈಗಷ್ಟೇ ಮತ್ತೆ ಎಳೆದು ನೋಡಿದೆ. ಊಹೂಂ, ಬರಲಿಲ್ಲ.

ನಾಳೆ ಹೇಳಿಬಿಡಬೇಕು. ರಿವಾಲ್ವರೇ ಇರಲಿ ಮಗಳೇ, ಪಾತ್ರ ನೀನು ಮಾಡು. ನಾನು ಕೊನೆಯ ಸಾಲಿನಲ್ಲಿ ಕೂತು, ಕೆಮ್ಮು ತಡೆದುಕೊಂಡು, ಆ ಟಕ್‌ಗೆ...