ಕಾಸಿನ ಸರ ನಮ್ಮದಲ್ಲ

ಆಗಸ್ಟ್ 5, ಮಂಗಳವಾರ

ಪ್ರಶಾಂತನಿಗೆ ಮಾತ್ರೆ ಕೊಟ್ಟು, ಗಂಜಿ ಕುಡಿಸಿ, ಅಕ್ಷಯಾಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದೆ. ಬಚ್ಚಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಅವನಿಗೆ ಏದುಸಿರು. ಹೃದಯದ ವಾಲ್ವ್ ಬೇಗ ಬದಲಾಯಿಸಬೇಕು, ವಿಮಾನ ಹತ್ತುವ ಮಾತೇ ಬೇಡ ಎಂದಿದ್ದಾರೆ ಡಾಕ್ಟರು. ಬೆಂಗಳೂರಿಗೆ ಹೋಗಿ ಮಾಡಿಸುವ ದಾರಿ ಅಲ್ಲಿಗೆ ಮುಚ್ಚಿತು. ಅವನ ಕೆಲಸದ ಜೊತೆ ಕಂಪನಿಯ ಇನ್ಶೂರೆನ್ಸೂ ಹೋಯಿತು. ನನ್ನ ಒಡವೆ ಮಾರಿ ಇಷ್ಟು ದಿನ ತಳ್ಳಿದ್ದಾಯಿತು, ಉಳಿದಿರುವುದು ತಾಳಿ ಮಾತ್ರ. ಇನ್ನು ಆಸ್ಪತ್ರೆಯ ನೆರವಿನ ನಿಧಿಯೇ ಗತಿ. ಅವರು ಬಿಲ್ ಮನ್ನಾ ಮಾಡಿದರೆ ಆಪರೇಷನ್. ಇಲ್ಲದಿದ್ದರೆ... ಬರೆಯಲಾರೆ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಕಾನೂನೇ ಇದೆಯಂತೆ — ಬಿಲ್ ಕಟ್ಟಲು ರೋಗಿಗೆ ಆಗುತ್ತದೆಯೇ ಎಂದು ಆಸ್ಪತ್ರೆಯೇ ಮೊದಲು ವಿಚಾರಿಸಬೇಕು. ಪ್ರಶಾಂತ ಮೊಬೈಲ್‌ನಲ್ಲಿ ಓದಿ ಹೇಳಿದ. "ಹೊರದೇಶದಿಂದ ಬಂದ ನಮ್ಮಂಥೋರಿಗೆ ಇಲ್ಲಿ ಅಂಥದ್ದೇನೂ ಇಲ್ಲ ಕಣೆ. ಕಮಿಟಿ ಮನಸ್ಸು ಮಾಡ್ಬೇಕು, ಅಷ್ಟೇ." ಸಿಟ್ಟು ಬಂತು. ಯಾರ ಮೇಲೆ, ಗೊತ್ತಿಲ್ಲ.

ಆಗಸ್ಟ್ 6, ಬುಧವಾರ

ನಿಧಿಯ ಆಫೀಸರ್ ಪುವಾನ್ ಸಲ್ಮಿಯಾ ಫೋನ್. ಪುವಾನ್ ಎಂದರೆ ಇಲ್ಲಿಯ ಮಲಯ್ ಮಾತಿನಲ್ಲಿ ಶ್ರೀಮತಿ. ಮನೆ ನೋಡಲು ಬರಬೇಕಂತೆ. ಶುಕ್ರವಾರವೋ ಸೋಮವಾರವೋ ನೀವೇ ಹೇಳಿ ಎಂದರು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಲಕ್ಷ್ಮಿ ಕೂತ ಮನೆಗೆ ಬಂದವರು ಇಲ್ಲ ಅನ್ನುವುದುಂಟೆ? ಶುಕ್ರವಾರವೇ ಬನ್ನಿ ಎಂದೆ.

ಆದರೆ ಕಲಶಕ್ಕೆ ಹಾಕಲು ಒಡವೆ ಇಲ್ಲ. ಬರಿಗೊರಳಿನ ಲಕ್ಷ್ಮಿಯನ್ನು ಕೂರಿಸಲು ಮನಸ್ಸು ಬರಲಿಲ್ಲ, ಅದೂ ಈ ವರ್ಷ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ, ಉಡುಪಿ ಕಡೆಯ ಸರೋಜಿನಿ ಅಕ್ಕ ಬಳೆ ಕೊಟ್ಟರು. ನಮ್ಮದೇ ಕಾಂಡೋದ ಮೂರನೇ ಮಹಡಿಯ ಶರಣ್ಯಾ ತನ್ನ ಅತ್ತೆಯ ಕಾಸಿನ ಸರವನ್ನೇ ತಂದಳು. "ಉಲ್ಲಾಸ್‌ಗೆ ಹೇಳ್ಬೇಡಿ ವೇದಕ್ಕಾ. ಅವ್ರಮ್ಮನ ಸರ. ಹೊರಗೆ ಕೊಟ್ಟೆ ಅಂತ ಗೊತ್ತಾದ್ರೆ ಮನೇಲಿ ದೊಡ್ಡ ರಾಮಾಯಣ." ಕಣ್ಣು ತುಂಬಿತು. ಈ ಕಾಲದಲ್ಲಿ ಯಾರು ಕೊಡುತ್ತಾರೆ?

ಆಗಸ್ಟ್ 8, ಶುಕ್ರವಾರ

ಪುವಾನ್ ಸಲ್ಮಿಯಾ ಬಂದು ಹೋದರು. ಮರ್ಯಾದಸ್ಥೆ. ಪ್ರಶಾಂತನನ್ನು ನಿಧಾನವಾಗಿ ಮಾತಾಡಿಸಿದರು. ಆಮೇಲೆ ಲಕ್ಷ್ಮಿಯ ಮುಂದೆ ನಿಂತೇಬಿಟ್ಟರು. ಕಾಸಿನ ಸರ, ಬಳೆ, ಹಿಂದೆ ರಿಂಗಿಟ್ ನೋಟುಗಳ ಬೀಸಣಿಗೆ.

"ವೆರಿ ಬ್ಯೂಟಿಫುಲ್ ಲಾ. ಆಲ್ ಗೋಲ್ಡ್?"

ಹೌದು ಎಂದೆ, ಹೆಮ್ಮೆಯಿಂದಲೇ. ದೇವರ ಮುಂದೆ ನಿಂತು, ಇದು ಎರವಲು ತಂದದ್ದು ಎಂದು ಯಾರಾದರೂ ಹೇಳುತ್ತಾರೆಯೇ? ಫೋಟೋ ತೆಗೆದುಕೊಂಡರು. ಒಬ್ಬಟ್ಟು ಡಬ್ಬಿಗೆ ತುಂಬಿ, ಇಲ್ಲಿಯವರ ಮಾತಿನಲ್ಲಿ ತಪಾವ್ ಮಾಡಿ, ಕೊಟ್ಟು ಕಳಿಸಿದೆ.

ಆಗಸ್ಟ್ 12, ಮಂಗಳವಾರ

ಅರ್ಜಿ ತಿರಸ್ಕಾರ. ಮನೆಯಲ್ಲಿ ಚಿನ್ನ ಇದೆ, ಅರ್ಜಿಯಲ್ಲಿ ಹೇಳಿಲ್ಲ — ಇದು ಕಾರಣ.

ಎಂಥ ದಡ್ಡಿ ನಾನು. ನಾನೇ ದಿನ ಆರಿಸಿ, ನಾನೇ ಕರೆದು, ನಾನೇ ಹೌದೆಂದು...

ಆಸ್ಪತ್ರೆಗೆ ಓಡಿದೆ. ಪುವಾನ್ ಸಲ್ಮಿಯಾ ಪೂರ್ತಿ ಕೇಳಿಸಿಕೊಂಡರು. ಒಡವೆ ಯಾರದೋ ಆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಪತ್ರ ಕೊಟ್ಟರೆ ಶುಕ್ರವಾರದ ಕಮಿಟಿ ಮುಂದೆ ಮತ್ತೆ ಇಡುತ್ತಾರಂತೆ. ಸರೋಜಿನಿ ಅಕ್ಕ ಸಂಜೆಯೊಳಗೆ ಗಂಡನ ಸಹಿಯನ್ನೂ ಹಾಕಿಸಿ ಕೊಟ್ಟರು. "ಇಷ್ಟಕ್ಕೆಲ್ಲ ಹೆದರ್ತಾರಾ ಮಾರಾಯ್ತಿ" ಎಂದರು.

ಶರಣ್ಯಾ ಅತ್ತಳು. "ಉಲ್ಲಾಸ್‌ನ ಕೇಳೋಕೆ ನನ್ನಿಂದ ಆಗಲ್ಲ. ಬೇರೆ ಏನಾದ್ರೂ ಕೇಳಿ ವೇದಕ್ಕಾ."

ಬೇರೆ ಏನು ಕೇಳಲಿ?

ಆಗಸ್ಟ್ 13, ಬುಧವಾರ

ಉಲ್ಲಾಸ್ ಕೆಲಸದ ಮೇಲೆ ಬಯಾನ್ ಲೆಪಾಸ್ ಎಂಬ ಊರಿಗೆ ಹೋಗಿದ್ದಾನೆ, ನಾಳೆ ವಾಪಸ್. ಅವನು ಮನೆಯಲ್ಲಿರುವಷ್ಟು ದಿನ ಸರ ನನ್ನ ಬೀರುವಿನಲ್ಲೇ ಇರಲಿ ಎಂದಿದ್ದಳು ಶರಣ್ಯಾ. ಅವನು ಬರುವುದರೊಳಗೆ ತಿಳಿಯದಂತೆ ಸ್ವಸ್ಥಾನಕ್ಕೆ ಸೇರಿಸಲು, ಇವತ್ತು ತೆಗೆದುಕೊಳ್ಳಲು ಬಂದಳು.

ಕೊಡಲಿಲ್ಲ.

"ಇಬ್ರೂ ಸಹಿ ಹಾಕಿ ಪತ್ರ ತಾ. ಆಮೇಲೆ ಸರ ತಗೊಂಡು ಹೋಗು."

ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಮುಖ ಬಿಳುಚಿತು. "ನಂಬಿ ಕೊಟ್ಟೆ ನಾನು."

ಬಾಗಿಲು ಹಾಕಿಕೊಂಡೆ.

ಪ್ರಶಾಂತ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. "ಕೊಟ್ಬಿಡೇ. ನನಗೋಸ್ಕರ ಇಂಥದ್ದೆಲ್ಲ ಮಾಡ್ಬೇಡ." ಬೈದೆ. ಮೊದಲು ಬದುಕಲಿ, ಆಮೇಲೆ ಬುದ್ಧಿ ಹೇಳಲಿ. ನಾಚಿಕೆಯಾಗುತ್ತಿದೆ. ಆದರೂ ಕೊಡುವುದಿಲ್ಲ.

ಆಗಸ್ಟ್ 14, ಗುರುವಾರ

ಸಂಜೆ ಇಬ್ಬರೂ ಬಂದರು. ಶರಣ್ಯಾಳ ಕಣ್ಣು ಊದಿಕೊಂಡಿತ್ತು. ಉಲ್ಲಾಸ್ ಬೂಟು ಬಿಚ್ಚಲಿಲ್ಲ, ಹೊಸ್ತಿಲಾಚೆಯೇ ನಿಂತು ಪತ್ರ ಚಾಚಿದ. ಎರಡೂ ಸಹಿ ಇತ್ತು.

"ನನ್ನನ್ನೇ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಮೇಡಂ. ಪ್ರಶಾಂತ್ ಜೀವಕ್ಕಿಂತ ಹೆಚ್ಚಾ ಸರ?"

ನಿನ್ನೆಯವರೆಗೂ ಅವನಿಗೆ ನಾನು ವೇದಕ್ಕ. ನಿಜ, ನಾನೇ ನೇರವಾಗಿ ಅವನನ್ನು ಕೇಳಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಸರ ತಂದು ಕೊಟ್ಟೆ. ಶರಣ್ಯಾ ನನ್ನೆದುರೇ ನಿಂತು ಒಂದೊಂದು ಕಾಸನ್ನೂ ಎಣಿಸಿದಳು. ಕುಂಕುಮ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಆಗಸ್ಟ್ 19, ಮಂಗಳವಾರ

ಶುಕ್ರವಾರವೇ ಕಮಿಟಿ ಒಪ್ಪಿತು, ಬಿಲ್ ಪೂರ್ತಿ ಮನ್ನಾ. ನಾಳೆ ಬೆಳಿಗ್ಗೆ ಆಪರೇಷನ್. ಪ್ರಶಾಂತನನ್ನು ಅಡ್ಮಿಟ್ ಮಾಡಿ ಬಂದೆ. ಅವನ ಕೈ ಹಿಡಿದುಕೊಂಡು ಎಷ್ಟು ಹೊತ್ತು ಅತ್ತೆನೋ.

ವಾಪಸ್ ಬರುವಾಗ ಲಿಫ್ಟಿನಲ್ಲಿ ಶರಣ್ಯಾ ಸಿಕ್ಕಳು. ಮಹಡಿ ನಂಬರನ್ನೇ ನೋಡುತ್ತ ನಿಂತಿದ್ದಳು. ಮೂರಕ್ಕೆ ಬಾಗಿಲು ತೆರೆದಾಗ, ತಿರುಗದೆ ಕೇಳಿದಳು. "ಯಾವತ್ತು?"

"ನಾಳೆ."

"ಅಕ್ಷಯಾನ ನಮ್ಮನೇಗೆ ಕಳ್ಸಿ. ಊಟ, ಸ್ಕೂಲು ನಾನು ನೋಡ್ಕೋತೀನಿ." ಹೊರಗೆ ಕಾಲಿಟ್ಟಳು. "ನೀವು ಬರ್ಬೇಡಿ."

ಈಗ ಅಕ್ಷಯಾ ಬ್ಯಾಗ್ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. "ವೈ ಆರಂಟ್ ಯು ಕಮಿಂಗ್ ಡೌನ್ ವಿತ್ ಮಿ, ಅಮ್ಮಾ?" ಎಂದು ಕೇಳುತ್ತಿದ್ದಾಳೆ. ಏನೆಂದು ಹೇಳಲಿ ಮಗುವಿಗೆ, ನಾನು ಅವರ ಮನೆಗೆ ಹೋಗುವಂತಿಲ್ಲ ಎಂದೇ?